ಔಷಧದಿಂದ ಗರ್ಭಪಾತ: ದೇಹದಲ್ಲಿ ನಡೆಯುವುದೇನು?

ಮೈಸೂರು ನಗರದ ವೈದ್ಯಕೀಯ ಇತಿಹಾಸದಲ್ಲಿ 1930 ಗಮನಾರ್ಹವಾದ ವರ್ಷ. 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಗಿದ್ದ ವೈದ್ಯಕೀಯ ಕಾಲೇಜು ಆ ವರ್ಷ ಮೈಸೂರಿಗೆ ಬಂದಿತು. ಅದೇ ವರ್ಷ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೊಂದು ತಾನಾಗಿಯೇ ಇಂತಹ ಕಾರ್ಯಕ್ಕೆ ಕೈಹಾಕಿದ ಜಗತ್ತಿನ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಬಸಿರು, ಹೆರಿಗೆಗಳ ವಿಷಯವನ್ನು ಪಿಸುಮಾತಿನಲ್ಲಿ ಮಾತ್ರ ಆಡುತ್ತಿದ್ದ ಕಾಲದಲ್ಲಿ ಅದು ವೈದ್ಯರ ಮುಂದೆ ಕುಳಿತು ಕೇಳಬಹುದಾದ ಪ್ರಶ್ನೆಯಾಯಿತು.

ಆದರೆ ಅದೇ ವರ್ಗದ ಇನ್ನೊಂದು ವಿಷಯ ಇಂದಿಗೂ ಪಿಸುಮಾತಿನಲ್ಲಿಯೇ ಉಳಿದಿದೆ. ಅದು ಗರ್ಭಪಾತ. ಈಗ ಗರ್ಭದ ಆರಂಭದ ವಾರಗಳಲ್ಲಿ ಶಸ್ತ್ರಕ್ರಿಯೆಯಿಲ್ಲದೆ, ಮಾತ್ರೆಗಳಿಂದಲೇ ಗರ್ಭವನ್ನು ಕೊನೆಗಾಣಿಸುವ ಕ್ರಮವೊಂದು ಬಳಕೆಯಲ್ಲಿದೆ. ಇದು ಆಸ್ಪತ್ರೆಯ ಕೊಠಡಿಯಲ್ಲಿ ದಾದಿಯರ ಕಣ್ಣೆದುರಿಗೆ ನಡೆಯುವ ಚಿಕಿತ್ಸೆಯಲ್ಲ. ಇದರ ಬಹುಭಾಗ ನಡೆಯುವುದು ಮನೆಯಲ್ಲಿ. ಆ ಕೆಲವು ಗಂಟೆಗಳಲ್ಲಿ ತನ್ನ ದೇಹದಲ್ಲಿ ಏನಾಗುತ್ತಿದೆ, ಯಾವುದು ಸಹಜ, ಯಾವುದು ಅಪಾಯ ಎಂಬುದನ್ನು ಸ್ತ್ರೀಯು ತಾನೇ ಗುರುತಿಸಬೇಕಾಗುತ್ತದೆ. ತಿಳಿಯದವಳು ಸಹಜವಾದ ನೋವನ್ನು ಕಂಡು ಹೆದರಬಹುದು. ಅದಕ್ಕಿಂತ ಕೇಡೆಂದರೆ, ನಿಜವಾದ ಅಪಾಯವನ್ನು ಸಹಜವೆಂದು ಸಹಿಸಿಕೊಂಡು ಕಾಲ ಕಳೆಯಬಹುದು. ಆದ್ದರಿಂದ ಈ ಮಾತ್ರೆಗಳು ಕೆಲಸಮಾಡುವ ಬಗೆಯನ್ನೂ, ದೇಹವು ಅವುಗಳಿಗೆ ಓಗೊಡುವ ಬಗೆಯನ್ನೂ ಈ ಲೇಖನದಲ್ಲಿ ಕ್ರಮವಾಗಿ ವಿಚಾರಮಾಡೋಣ.

ಗರ್ಭವು ನೆಲೆನಿಲ್ಲುವ ಬಗೆ

ಗರ್ಭಕೋಶವು ತಲೆಕೆಳಗಾಗಿ ಹಿಡಿದ ಸಣ್ಣ ಸೀಬೆಹಣ್ಣಿನ ಆಕಾರದ ಸ್ನಾಯುವಿನ ಚೀಲ. ಅದರ ಒಳಗೋಡೆಗೆ ಮೃದುವಾದ ಒಂದು ಪೊರೆಯಿದೆ. ಪ್ರತಿ ತಿಂಗಳೂ ಈ ಪೊರೆ ರಕ್ತನಾಳಗಳಿಂದ ತುಂಬಿ ದಪ್ಪವಾಗುತ್ತದೆ. ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಿನ ರೂಪದಲ್ಲಿ ಹೊರಬೀಳುತ್ತದೆ.

ಪೊರೆ ಕಳಚದಂತೆ ಕಾಯುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಅಂಡಾಶಯದಿಂದ ಅಂಡವು ಬಿಡುಗಡೆಯಾದ ಸ್ಥಳದಲ್ಲಿ ಹಳದಿ ಬಣ್ಣದ ಪುಟ್ಟ ಗ್ರಂಥಿಯೊಂದು ರೂಪುಗೊಳ್ಳುತ್ತದೆ. ಇದಕ್ಕೆ ಪೀತಪಿಂಡ ಎನ್ನಬಹುದು. ಪ್ರೊಜೆಸ್ಟರಾನನ್ನು ಸ್ರವಿಸುವುದು ಇದೇ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಗಳಲ್ಲಿ ಪೀತಪಿಂಡ ಬಾಡುತ್ತದೆ, ಹಾರ್ಮೋನು ಇಳಿಯುತ್ತದೆ, ಮುಟ್ಟು ಬರುತ್ತದೆ. ಗರ್ಭ ನಿಂತರೆ, ಬೆಳೆಯುತ್ತಿರುವ ಪಿಂಡದ ಹೊರಪದರವು ಎಚ್.ಸಿ.ಜಿ. ಎಂಬ ಬೇರೊಂದು ಹಾರ್ಮೋನನ್ನು ರಕ್ತಕ್ಕೆ ಬಿಟ್ಟು, ಪೀತಪಿಂಡವು ಬಾಡದಂತೆ ನೋಡಿಕೊಳ್ಳುತ್ತದೆ. ಮೂತ್ರ ಪರೀಕ್ಷೆಯಿಂದ ಬಸಿರನ್ನು ಕಂಡುಹಿಡಿಯುವುದು ಈ ಎಚ್.ಸಿ.ಜಿ.ಯನ್ನು ಗುರುತಿಸಿಯೇ. ಏಳರಿಂದ ಒಂಬತ್ತನೆಯ ವಾರದ ಸುಮಾರಿಗೆ ಪ್ರೊಜೆಸ್ಟರಾನ್ ಒದಗಿಸುವ ಹೊಣೆಯನ್ನು ಮಾಸು ವಹಿಸಿಕೊಳ್ಳುತ್ತದೆ.

ಪ್ರೊಜೆಸ್ಟರಾನ್ ಮಾಡುವ ಕೆಲಸ ಮುಖ್ಯವಾಗಿ ಮೂರು ಬಗೆಯದು. ಒಳಪೊರೆಯನ್ನು ಪೋಷಿಸುತ್ತದೆ, ಗರ್ಭಕೋಶದ ಸ್ನಾಯು ಕುಗ್ಗದಂತೆ ಸಮಾಧಾನದಲ್ಲಿಡುತ್ತದೆ, ಗರ್ಭಕೋಶದ ಕೊರಳನ್ನು ಬಿಗಿಯಾಗಿ ಮುಚ್ಚಿರಿಸುತ್ತದೆ. ಮುಂದಿನ ಪ್ರಕ್ರಿಯೆಯೆಲ್ಲವೂ ಈ ಮೂರು ಕಾವಲುಗಳು ಸಡಿಲವಾಗುವುದನ್ನೇ ಅವಲಂಬಿಸಿದೆ.

ಇಲ್ಲಿ ಲೆಕ್ಕದ ವಿಷಯವಾಗಿ ಒಂದು ಮಾತು. ವೈದ್ಯರು ಗರ್ಭದ ವಯಸ್ಸನ್ನು ಎಣಿಸುವುದು ಕಡೆಯ ಮುಟ್ಟಿನ ಮೊದಲನೆಯ ದಿನದಿಂದ. ಹೀಗಾಗಿ, ನಿಯಮಿತವಾಗಿ ಮುಟ್ಟಾಗುವವಳಿಗೆ ಈ ಸಲ ಮುಟ್ಟು ತಪ್ಪಿತೆಂದು ತಿಳಿಯುವ ವೇಳೆಗೆ ಗರ್ಭಕ್ಕೆ ಆಗಲೇ ನಾಲ್ಕು ವಾರ. ನಮ್ಮ ದೇಶದ ನಿಯಮದಂತೆ ಮಾತ್ರೆಗಳ ಕ್ರಮಕ್ಕೆ ಒಂಬತ್ತು ವಾರಗಳ ಮಿತಿಯಿದೆ. ಎಂದರೆ ತಿಳಿದ ಮೇಲೆ ಉಳಿಯುವ ಅವಧಿ ಸುಮಾರು ಐದೇ ವಾರ.

ಎರಡು ಔಷಧಗಳು

ಈ ಚಿಕಿತ್ಸೆಯಲ್ಲಿ ಬಳಕೆಯಾಗುವ ಮೊದಲನೆಯ ಔಷಧ ಮಿಫೆಪ್ರಿಸ್ಟೋನ್. 1980ರಲ್ಲಿ ಫ್ರಾನ್ಸಿನ ರೂಸೆಲ್-ಯುಕ್ಲಾಫ್ ಕಂಪನಿಯ ಪ್ರಯೋಗಶಾಲೆಯಲ್ಲಿ ಇದು ತಯಾರಾಯಿತು. ಇದರ ಬಳಕೆಯನ್ನು ರೂಪಿಸಿ ಪ್ರತಿಪಾದಿಸಿದವರಲ್ಲಿ ಎಟಿಯೆನ್-ಎಮಿಲ್ ಬೊಲ್ಯೂ ಎಂಬ ವಿಜ್ಞಾನಿಯ ಹೆಸರು ಪ್ರಸಿದ್ಧವಾಗಿದೆ. ಫ್ರಾನ್ಸಿನಲ್ಲಿ 1988ರಲ್ಲಿಯೂ ಭಾರತದಲ್ಲಿ 2002ರಲ್ಲಿಯೂ ಇದಕ್ಕೆ ಅನುಮತಿ ದೊರೆಯಿತು.

ಜೀವಕೋಶಗಳಲ್ಲಿ ಪ್ರೊಜೆಸ್ಟರಾನನ್ನು ಬರಮಾಡಿಕೊಳ್ಳುವ ಗ್ರಾಹಕಗಳೆಂಬ ಅಣುಗಳಿವೆ. ಗ್ರಾಹಕವನ್ನು ಬೀಗಕ್ಕೂ ಹಾರ್ಮೋನನ್ನು ಕೀಲಿಕೈಗೂ ಹೋಲಿಸಿದರೆ, ಮಿಫೆಪ್ರಿಸ್ಟೋನ್ ಬೀಗದೊಳಕ್ಕೆ ಸರಿಯಾಗಿ ಹೊಕ್ಕರೂ ತಿರುಗದ ಕೀಲಿಕೈ. ಅದು ಅಲ್ಲಿ ಕುಳಿತಿರುವವರೆಗೆ ನಿಜವಾದ ಕೀಲಿಕೈಗೆ ಸ್ಥಳವಿಲ್ಲ. ರಕ್ತದಲ್ಲಿ ಪ್ರೊಜೆಸ್ಟರಾನ್ ಇದ್ದರೂ ಇಲ್ಲದಂತಾಗುತ್ತದೆ. ಒಳಪೊರೆ ಸಡಿಲಗೊಳ್ಳುತ್ತದೆ, ಕೊರಳು ಮೃದುವಾಗುತ್ತದೆ, ಸ್ನಾಯುವು ಕುಗ್ಗಲು ಸಿದ್ಧವಾಗುತ್ತದೆ.

ಎರಡನೆಯದು ಮಿಸೊಪ್ರೊಸ್ಟಾಲ್. ಇದು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳ ಗುಂಪಿಗೆ ಸೇರಿದೆ. 1930ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಈ ವಸ್ತುಗಳಿಗೆ ಹೆಸರಿಟ್ಟರು. ಇವುಗಳ ಅಧ್ಯಯನಕ್ಕಾಗಿ ಸುನೆ ಬರ್ಗ್‌ಸ್ಟ್ರೋಮ್, ಬೆಂಗ್ಟ್ ಸ್ಯಾಮ್ಯುಯೆಲ್ಸನ್ ಮತ್ತು ಜಾನ್ ವೇನ್ ಅವರಿಗೆ 1982ರ ನೊಬೆಲ್ ಪಾರಿತೋಷಿಕ ಬಂದಿತು. ಮಿಸೊಪ್ರೊಸ್ಟಾಲನ್ನು ಮೊದಲು ಬಳಸಿದ್ದು ಜಠರದ ಹುಣ್ಣಿಗೆ. ಆದರೆ ಗರ್ಭಕೋಶದ ಸ್ನಾಯುವನ್ನು ಕುಗ್ಗಿಸುವ ಶಕ್ತಿಯೂ ಅದಕ್ಕಿದೆ. ಮೊದಲ ಔಷಧ ಹಿಡಿತವನ್ನು ಸಡಿಲಿಸುತ್ತದೆ, ಎರಡನೆಯದು ಹೊರಕ್ಕೆ ತಳ್ಳುತ್ತದೆ ಎಂದರೆ ಸಾರಾಂಶವನ್ನು ಹೇಳಿದಂತಾಯಿತು.

ನಮ್ಮಲ್ಲಿ ಇವೆರಡೂ ಒಂದೇ ಪೊಟ್ಟಣದಲ್ಲಿ ದೊರೆಯುತ್ತವೆ: 200 ಮಿಲಿಗ್ರಾಮಿನ ಒಂದು ಮಿಫೆಪ್ರಿಸ್ಟೋನ್ ಮಾತ್ರೆ, ತಲಾ 200 ಮೈಕ್ರೋಗ್ರಾಮಿನ ನಾಲ್ಕು ಮಿಸೊಪ್ರೊಸ್ಟಾಲ್ ಮಾತ್ರೆಗಳು. ಒಟ್ಟು ಐದು. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ.

ಮಾತ್ರೆಗೆ ಮುನ್ನ ಪರೀಕ್ಷೆ

ಚೀಟಿ ಏಕೆ ಬೇಕು ಎಂಬುದಕ್ಕೆ ಬಲವಾದ ಕಾರಣಗಳಿವೆ. ಮೊದಲನೆಯದಾಗಿ, ಗರ್ಭದ ವಯಸ್ಸು ಖಚಿತವಾಗಬೇಕು. ವಾರಗಳು ಏರಿದಂತೆ ರಕ್ತಸ್ರಾವವೂ ನೋವೂ ಹೆಚ್ಚುತ್ತವೆ. ಔಷಧ ವಿಫಲವಾಗುವ ಸಂಭವವೂ ಬೆಳೆಯುತ್ತದೆ.

ಎರಡನೆಯದಾಗಿ, ಗರ್ಭವು ಗರ್ಭಕೋಶದೊಳಗೇ ಇದೆಯೇ ಎಂಬುದು ತಿಳಿಯಬೇಕು. ನೂರು ಬಸಿರುಗಳಲ್ಲಿ ಒಂದೆರಡು ಗರ್ಭಕೋಶದ ಹೊರಗೆ, ಸಾಮಾನ್ಯವಾಗಿ ಅಂಡನಾಳದಲ್ಲಿ, ಬೆಳೆಯುವುದುಂಟು. ಇದು ಅಸ್ಥಾನ ಗರ್ಭ. ನಾವು ಹೇಳುತ್ತಿರುವ ಮಾತ್ರೆಗಳಿಂದ ಇದು ಹೋಗುವುದಿಲ್ಲ. ಮಾತ್ರೆ ನುಂಗಿದವಳು ಕೆಲಸ ಮುಗಿಯಿತೆಂದು ನಂಬಿರುವಾಗಲೇ ನಾಳವು ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯಬಹುದು. ಅಂಗಡಿಯಿಂದ ಗುಟ್ಟಾಗಿ ಮಾತ್ರೆ ತರಿಸಿಕೊಳ್ಳುವುದರಲ್ಲಿರುವ ಬಹು ದೊಡ್ಡ ಅಪಾಯ ಇದು.

ಮೂರನೆಯದಾಗಿ, ರಕ್ತದ ಸ್ಥಿತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಸಾಮಾನ್ಯ ಮುಟ್ಟಿನಲ್ಲಿ 30–40 ಮಿಲಿಲೀಟರ್ ರಕ್ತ ಹೋಗುತ್ತದೆ. ಈ ಚಿಕಿತ್ಸೆಯಲ್ಲಿ ಅದಕ್ಕಿಂತ ಹೆಚ್ಚು. ತೀವ್ರ ರಕ್ತಹೀನತೆ ಇರುವವಳಿಗೆ ಅಷ್ಟೂ ದುಬಾರಿ. ಇದಲ್ಲದೆ ರಕ್ತ ಹೆಪ್ಪುಗಟ್ಟದ ದೋಷ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ರೋಗ, ಬಹುಕಾಲದ ಸ್ಟಿರಾಯ್ಡ್ ಸೇವನೆ ಇವುಗಳಿದ್ದರೆ ವೈದ್ಯರು ಬೇರೆ ಮಾರ್ಗವನ್ನು ಆಲೋಚಿಸುತ್ತಾರೆ. ಜನರು ವಂಕಿ ಎಂದು ಕರೆಯುವ ಕಾಪರ್-ಟಿ ಒಳಗಿದ್ದರೆ ಅದನ್ನು ಮೊದಲು ತೆಗೆಯಬೇಕು.

ಮೊದಲನೆಯ ದಿನ

ಮೊದಲ ದಿನ ಮಿಫೆಪ್ರಿಸ್ಟೋನ್ ಮಾತ್ರೆಯನ್ನು ನೀರಿನೊಡನೆ ನುಂಗುವುದು. ಬಹುಮಂದಿಗೆ ಆ ದಿನ ವಿಶೇಷವೇನೂ ಅನುಭವಕ್ಕೆ ಬಾರದು. ಕೆಲವರಿಗೆ ಓಕರಿಕೆ, ಆಯಾಸ; ಕೆಲವರಿಗೆ ಸ್ವಲ್ಪ ರಕ್ತ ಕಾಣಿಸುವುದುಂಟು. ಕಾಲೇಜಿಗೆ ಹೋಗುವುದು, ಮನೆಗೆಲಸ ಮಾಡುವುದು ಸಾಧ್ಯ. ನುಂಗಿದ ಒಂದು ಗಂಟೆಯೊಳಗೆ ವಾಂತಿಯಾದರೆ ವೈದ್ಯರಿಗೆ ತಿಳಿಸಬೇಕು. ಔಷಧವು ರಕ್ತಕ್ಕೆ ಸೇರಿರದೆ ಇರಬಹುದು.

ಒಂದು ವಿಷಯವನ್ನು ಗಮನದಲ್ಲಿಡಬೇಕು. ಈ ದಿನ ರಕ್ತ ಕಂಡಿತೆಂದು ಕೆಲವರು ಉಳಿದ ಮಾತ್ರೆಗಳನ್ನು ಬಿಟ್ಟುಬಿಡುವುದುಂಟು. ಮೊದಲ ಔಷಧದಿಂದ ಹಿಡಿತ ಸಡಿಲವಾಗಿರುತ್ತದೆ, ಅಷ್ಟೆ. ಎರಡನೆಯದನ್ನು ತೆಗೆದುಕೊಳ್ಳದಿದ್ದರೆ ಕಾರ್ಯವು ಅರ್ಧಕ್ಕೆ ನಿಲ್ಲುವ ಸಂಭವ ಹೆಚ್ಚು.

ಎರಡನೆಯ ಔಷಧ ಮತ್ತು ಅನಂತರದ ಗಂಟೆಗಳು

ಸಾಮಾನ್ಯವಾಗಿ 24ರಿಂದ 48 ಗಂಟೆಗಳ ಅಂತರದಲ್ಲಿ ಮಿಸೊಪ್ರೊಸ್ಟಾಲ್ ಕೊಡುತ್ತಾರೆ. ವೈದ್ಯರು ಹೇಳಿದಂತೆ ಈ ಮಾತ್ರೆಗಳನ್ನು ನಾಲಗೆಯ ಕೆಳಗೆ, ಅಥವಾ ಕೆನ್ನೆಗೂ ವಸಡಿಗೂ ನಡುವೆ, ಅಥವಾ ಯೋನಿಯೊಳಗೆ ಇಡಬೇಕಾಗುತ್ತದೆ. ಬಾಯಿಯಲ್ಲಿಟ್ಟಾಗ ಸುಮಾರು ಅರ್ಧ ಗಂಟೆ ಕರಗಲು ಬಿಟ್ಟು, ಉಳಿದುದನ್ನು ನೀರಿನೊಡನೆ ನುಂಗುತ್ತಾರೆ. ಈ ದಿನ ಮನೆಯಲ್ಲಿಯೇ ಇರುವಂತೆ, ಬಚ್ಚಲುಮನೆ ಹತ್ತಿರವಿರುವಂತೆ, ನಂಬಿಕೆಯ ಒಬ್ಬರು ಜೊತೆಗಿರುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ವಿವೇಕ. ಅಕ್ಕನಿರಬಹುದು, ಗೆಳತಿಯಿರಬಹುದು, ಪತಿಯಿರಬಹುದು. ಅಗತ್ಯಬಿದ್ದರೆ ಆಸ್ಪತ್ರೆಗೆ ಕರೆದೊಯ್ಯಬಲ್ಲವರಾಗಿರಬೇಕು.

ಒಂದರಿಂದ ನಾಲ್ಕು ಗಂಟೆಗಳೊಳಗೆ, ಕೆಲವರಿಗೆ ಅದಕ್ಕೂ ಮೊದಲೇ, ಕಿಬ್ಬೊಟ್ಟೆಯಲ್ಲಿ ಸೆಳೆತ ಪ್ರಾರಂಭವಾಗುತ್ತದೆ. ಇದು ಅಲೆಯಲೆಯಾಗಿ ಬರುವ ನೋವು. ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ, ಮತ್ತೆ ಬರುತ್ತದೆ. ಸೊಂಟಕ್ಕೂ ತೊಡೆಗೂ ಹರಡಬಹುದು. ಕೆಲವರಿಗೆ ಮುಟ್ಟಿನ ನೋವಿನಷ್ಟೇ. ಅನೇಕರಿಗೆ ಅದಕ್ಕಿಂತ ಬಹಳ ಹೆಚ್ಚು. ನೋವು ಸ್ವಲ್ಪವೂ ಇರದೆಂದು ಹೇಳಿ ಧೈರ್ಯ ತುಂಬುವುದು ತಪ್ಪು. ಈ ನೋವಿನ ಮೂಲ ಸ್ನಾಯುವಿನ ಕುಗ್ಗುವಿಕೆ. ಆ ಕುಗ್ಗುವಿಕೆಯೇ ಚಿಕಿತ್ಸೆಯ ಕೆಲಸ. ಹಾಗೆಂದು ಸುಮ್ಮನೆ ಸಹಿಸಬೇಕಾಗಿಲ್ಲ. ಐಬುಪ್ರೊಫೆನ್‌ನಂತಹ ನೋವುನಿವಾರಕವನ್ನು ವೈದ್ಯರು ಮೊದಲೇ ಬರೆದುಕೊಡುತ್ತಾರೆ; ನೋವು ತಾರಕಕ್ಕೇರುವ ಮುನ್ನ ತೆಗೆದುಕೊಂಡರೆ ಹೆಚ್ಚು ಗುಣ ಕಾಣುತ್ತದೆ. ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಡುವುದೂ ಹಿತಕರ.

ಸೆಳೆತದ ಜೊತೆಯಲ್ಲಿಯೇ ರಕ್ತಸ್ರಾವ ಆರಂಭವಾಗುತ್ತದೆ. ಮಾತ್ರೆ ತೆಗೆದುಕೊಂಡ ಮೂರರಿಂದ ಆರನೆಯ ಗಂಟೆಯವರೆಗೆ ಇದು ಅತಿ ಹೆಚ್ಚಿನ ಮಟ್ಟದಲ್ಲಿರುವುದು ವಾಡಿಕೆ. ಹೆಪ್ಪುಗಟ್ಟಿದ ರಕ್ತದ ಗಡ್ಡೆಗಳು ಹೊರಬೀಳುತ್ತವೆ. ಕೆಲವು ನೆಲ್ಲಿಕಾಯಿಯಷ್ಟು, ಕೆಲವು ನಿಂಬೆಹಣ್ಣಿನಷ್ಟು ಇರಬಹುದು. ಗರ್ಭಚೀಲವು ಇವುಗಳ ನಡುವೆಯೇ ಹೊರಬರುತ್ತದೆ. ಏಳು ವಾರಗಳ ಹೊತ್ತಿಗೆ ಪಿಂಡದ ಉದ್ದ ಸುಮಾರು 1 ಸೆಂಟಿಮೀಟರ್. ಆದ್ದರಿಂದ ಅದಕ್ಕೆ ಮೊದಲು ರಕ್ತದಿಂದ ಬೇರೆಯಾಗಿ ಕಾಣಿಸುವುದು ಅಪರೂಪ. ಒಂಬತ್ತು ವಾರಗಳ ವೇಳೆಗೆ ಉದ್ದ 2 ಸೆಂಟಿಮೀಟರನ್ನು ಮೀರುತ್ತದೆ. ಆಗ ಬಿಳಿ ಅಥವಾ ಬೂದುಬಣ್ಣದ ಅಂಶವಾಗಿ ಕಣ್ಣಿಗೆ ಬೀಳಬಹುದು. ಇದನ್ನು ಮುಂಚಿತವಾಗಿ ತಿಳಿದಿದ್ದರೆ ಗಾಬರಿ ಕಡಿಮೆ. ಬಹುಮಂದಿಯಲ್ಲಿ ನಾಲ್ಕರಿಂದ ಆರು ಗಂಟೆಗಳಲ್ಲಿ, ಉಳಿದ ಬಹುಪಾಲಿನವರಲ್ಲಿ 24 ಗಂಟೆಗಳೊಳಗೆ, ವಿಸರ್ಜನೆ ಮುಗಿಯುತ್ತದೆ. ಮುಗಿದೊಡನೆ ನೋವೂ ಸ್ರಾವವೂ ಗಣನೀಯವಾಗಿ ಇಳಿಯುತ್ತವೆ. ಈ ಇಳಿತವೇ ಕಾರ್ಯ ನೆರವೇರಿತೆಂಬುದರ ಒಳ್ಳೆಯ ಸೂಚನೆ.

ಇವಲ್ಲದೆ ಕೆಲವರಿಗೆ ಚಳಿ, ನಡುಕ, ಜ್ವರ, ವಾಂತಿ, ಭೇದಿ ಕಾಣಿಸಿಕೊಳ್ಳುತ್ತವೆ. ಗರ್ಭಕೋಶಕ್ಕೆ ಕೊಟ್ಟ ಔಷಧದಿಂದ ಭೇದಿಯೇಕೆ? ಪ್ರೊಸ್ಟಗ್ಲಾಂಡಿನ್ ಗರ್ಭಕೋಶದ ಸ್ನಾಯುವನ್ನು ಕುಗ್ಗಿಸುವಂತೆಯೇ ಕರುಳಿನ ಸ್ನಾಯುವನ್ನೂ ಕೆರಳಿಸುತ್ತದೆ. ಮಿದುಳಿನಲ್ಲಿ ದೇಹದ ಉಷ್ಣವನ್ನು ನಿಯಂತ್ರಿಸುವ ಕೇಂದ್ರದ ಮೇಲೂ ಪ್ರಭಾವ ಬೀರುತ್ತದೆ. ಚಳಿ, ಜ್ವರ, ಭೇದಿ ಮೂರಕ್ಕೂ ಕಾರಣ ಒಂದೇ. ಇವು ಸಾಮಾನ್ಯವಾಗಿ ಒಂದು ದಿನದೊಳಗೆ ತಾವಾಗಿಯೇ ಶಮನವಾಗುತ್ತವೆ. ಗಂಜಿ, ಮಜ್ಜಿಗೆ, ಎಳನೀರು ಮುಂತಾದ ಹಗುರವಾದ ಆಹಾರ ಪಾನೀಯಗಳು ಆ ದಿನಕ್ಕೆ ಒಗ್ಗುತ್ತವೆ.

ಮುಂದಿನ ದಿನಗಳು

ರಕ್ತಸ್ರಾವವು ಮುಟ್ಟಿನಂತೆ ಮೂರು ನಾಲ್ಕು ದಿನಗಳಿಗೆ ನಿಲ್ಲುವುದಿಲ್ಲ. ಕ್ರಮೇಣ ಕಡಿಮೆಯಾಗುತ್ತಾ ಸುಮಾರು ಎರಡು ವಾರ ಮುಂದುವರಿಯುವುದು ಸಾಮಾನ್ಯ. ಕೆಲವರಲ್ಲಿ ಅಲ್ಪಸ್ವಲ್ಪವಾಗಿ ತಿಂಗಳವರೆಗೂ ಕಾಣಬಹುದು. ನಡುವೆ ಒಂದು ದಿನ ನಿಂತು ಮರುದಿನ ಮತ್ತೆ ಕಾಣಿಸುವುದೂ ಉಂಟು. ಪ್ಯಾಡುಗಳನ್ನು ಬಳಸಿದರೆ ಹೋದ ರಕ್ತದ ಪ್ರಮಾಣವನ್ನು ಅಂದಾಜುಮಾಡುವುದು ಸುಲಭ. ಓಕರಿಕೆ ಮೊದಲಾದ ಬಸಿರಿನ ಲಕ್ಷಣಗಳು ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತವೆ. ಸ್ತನಗಳ ನೋವು ಇನ್ನೂ ಸ್ವಲ್ಪಕಾಲ ಇರಬಹುದು.

ಎರಡು ವಾರಗಳ ಸುಮಾರಿಗೆ ವೈದ್ಯರನ್ನು ಮತ್ತೆ ಕಂಡು, ಗರ್ಭಪಾತವು ಪೂರ್ಣವಾಗಿದೆಯೆಂದು ಖಚಿತಪಡಿಸಿಕೊಳ್ಳುವುದು ಅವಶ್ಯ. ಮನೆಯಲ್ಲಿಯೇ ಮೂತ್ರ ಪರೀಕ್ಷೆ ಮಾಡಿದರೆ ಸಾಲದೇ ಎಂದು ಕೇಳಬಹುದು. ಎಚ್.ಸಿ.ಜಿ. ರಕ್ತದಿಂದ ಒಮ್ಮೆಗೇ ಮಾಯವಾಗುವುದಿಲ್ಲ. ಗರ್ಭ ಹೋಗಿ ಮೂರು ನಾಲ್ಕು ವಾರಗಳಾದರೂ ಪರೀಕ್ಷೆಯು ಬಸಿರಿದೆಯೆಂದೇ ತೋರಿಸಬಹುದು. ಹೀಗಾಗಿ ಅವಸರದ ಪರೀಕ್ಷೆಯಿಂದ ಭ್ರಮೆ ಹುಟ್ಟುತ್ತದೆ.

ಸರಿಯಾದ ಕ್ರಮದಲ್ಲಿ ನಡೆದಾಗ ನೂರರಲ್ಲಿ 95ಕ್ಕೂ ಹೆಚ್ಚು ಮಂದಿಗೆ ಮಾತ್ರೆಗಳಿಂದಲೇ ಕಾರ್ಯ ಪೂರ್ಣವಾಗುತ್ತದೆ. ಉಳಿದವರಲ್ಲಿ ಪೊರೆಯ ಅಂಶಗಳು ಒಳಗೇ ಉಳಿದಿರಬಹುದು. ಅವನ್ನು ಹೀರಿ ತೆಗೆಯುವ ಚಿಕ್ಕ ಕ್ರಮವೊಂದು ಬೇಕಾಗುತ್ತದೆ. ನೂರರಲ್ಲಿ ಸುಮಾರು ಒಬ್ಬರಿಗೆ ಗರ್ಭವೇ ಮುಂದುವರಿಯುತ್ತದೆ. ಮಿಸೊಪ್ರೊಸ್ಟಾಲಿನಿಂದ ಅಂತಹ ಶಿಶುವಿನ ಅಂಗಗಳಲ್ಲಿ ದೋಷಗಳುಂಟಾಗುವ ಸಂಭವವಿದೆ. ಮರಳಿ ಹೋಗಿ ತೋರಿಸಿಕೊಳ್ಳಬೇಕೆಂಬ ಸಲಹೆಯ ಹಿಂದೆ ಇರುವುದು ಈ ಕಾರಣ.

ಮುಟ್ಟು ನಾಲ್ಕರಿಂದ ಎಂಟು ವಾರಗಳೊಳಗೆ ಮರಳುತ್ತದೆ. ಆದರೆ ಅಂಡವು ಅದಕ್ಕೆ ಬಹಳ ಮುಂಚೆಯೇ, ಕೆಲವೊಮ್ಮೆ ಎಂಟು ಹತ್ತು ದಿನಗಳಲ್ಲೇ, ಬಿಡುಗಡೆಯಾಗಬಹುದು. ಮುಟ್ಟಾಗುವವರೆಗೆ ಬಸಿರಾಗದು ಎಂಬ ನಂಬಿಕೆ ಆಧಾರವಿಲ್ಲದ್ದು. ಹಾಗೆಯೇ, ಕ್ರಮಬದ್ಧವಾಗಿ ನಡೆದ ಔಷಧದ ಗರ್ಭಪಾತದಿಂದ ಬಂಜೆತನ ಬರುತ್ತದೆಂಬ ಮಾತಿಗೂ ವಿಜ್ಞಾನದ ಬೆಂಬಲವಿಲ್ಲ. ರಾಗಿ, ಸೊಪ್ಪು, ಕಾಳುಗಳಿರುವ ಊಟವೂ ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಗಳೂ ಹೋದ ರಕ್ತವನ್ನು ತುಂಬಿಕೊಡುತ್ತವೆ.

ಮನಸ್ಸಿನ ಸ್ಥಿತಿ ಎಲ್ಲರಲ್ಲಿಯೂ ಒಂದೇ ರೀತಿಯಾಗಿರುವುದಿಲ್ಲ. ಕೆಲವರಿಗೆ ಭಾರವಿಳಿದಂತಾಗುತ್ತದೆ, ಕೆಲವರಿಗೆ ದುಃಖ, ಕೆಲವರಿಗೆ ಎರಡೂ ಸೇರಿಯೇ ಬರುತ್ತವೆ. ಯಾವುದೂ ದೋಷವಲ್ಲ. ದುಃಖವು ವಾರಗಟ್ಟಲೆ ಬಿಡದೆ ನಿದ್ರೆ ಆಹಾರಗಳನ್ನು ಕೆಡಿಸಿದರೆ ವೈದ್ಯರೊಡನೆ ಅದನ್ನೂ ಹೇಳಿಕೊಳ್ಳಬೇಕು.

ಅಪಾಯದ ಚಿಹ್ನೆಗಳು

ಮೇಲೆ ಹೇಳಿದ್ದು ನಿರೀಕ್ಷಿತವಾದ ಹಾದಿ. ಹಾದಿ ತಪ್ಪಿತೆಂಬುದನ್ನು ತಿಳಿಸುವ ಚಿಹ್ನೆಗಳನ್ನು ಈಗ ಒಂದೆಡೆ ಕೊಡುತ್ತೇವೆ. ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ದೂರವಾಣಿ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

1. ಗಂಟೆಗೆ ಎರಡು ಅಥವಾ ಹೆಚ್ಚು ದೊಡ್ಡ ಪ್ಯಾಡುಗಳು ಪೂರ್ಣವಾಗಿ ತೊಯ್ಯುವಷ್ಟು ರಕ್ತಸ್ರಾವವು ಎರಡು ಗಂಟೆಗಳ ಕಾಲ ಒಂದೇ ಸಮನೆ ಇರುವುದು.
2. ತಲೆಸುತ್ತು, ಕಣ್ಣು ಕತ್ತಲೆಗಟ್ಟುವುದು, ಮೂರ್ಛೆ.
3. 38 ಡಿಗ್ರಿ ಸೆಲ್ಸಿಯಸ್, ಎಂದರೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಥವಾ ಹೆಚ್ಚಿನ ಜ್ವರವು ಮಿಸೊಪ್ರೊಸ್ಟಾಲ್ ತೆಗೆದುಕೊಂಡ 24 ಗಂಟೆಗಳ ಅನಂತರವೂ ಇರುವುದು.
4. ದುರ್ವಾಸನೆಯ ಸ್ರಾವ.
5. ನೋವುನಿವಾರಕಕ್ಕೆ ಬಗ್ಗದ ಹೊಟ್ಟೆನೋವು. ವಿಶೇಷವಾಗಿ ಒಂದೇ ಪಕ್ಕದ ನೋವು, ಅಥವಾ ಭುಜದ ತುದಿಯಲ್ಲಿ ನೋವು. ಇವು ಅಸ್ಥಾನ ಗರ್ಭದ ಸೂಚನೆಗಳಾಗಿರಬಹುದು.
6. ಮಾತ್ರೆ ತೆಗೆದುಕೊಂಡ ಒಂದು ದಿನವಾದರೂ ರಕ್ತಸ್ರಾವವೇ ಆಗದಿರುವುದು. ಇದರಲ್ಲಿ ನೋವಿಲ್ಲದ ಕಾರಣ ಜನರು ಉದಾಸೀನ ಮಾಡುತ್ತಾರೆ. ಆದರೆ ಗರ್ಭವು ಮುಂದುವರಿದಿರಬಹುದು, ಇಲ್ಲವೆ ಗರ್ಭಕೋಶದ ಹೊರಗಿರಬಹುದು.

ಸಹಜಕ್ಕೂ ಅಪಾಯಕ್ಕೂ ಇರುವ ವ್ಯತ್ಯಾಸ ಹಲವೊಮ್ಮೆ ಪ್ರಮಾಣದ್ದು ಮತ್ತು ಕಾಲದ್ದು ಎಂಬುದನ್ನು ವಾಚಕರು ಗಮನಿಸಿರಬಹುದು. ಮೊದಲ ದಿನದ ಜ್ವರ ಔಷಧದ್ದು. ಮೂರನೆಯ ದಿನದ ಜ್ವರ ಸೋಂಕಿನದಿರಬಹುದು. ಗಡಿಯಾರವನ್ನು ನೋಡಿ ಗಂಟೆಯನ್ನು ಬರೆದಿಟ್ಟುಕೊಳ್ಳುವ ಸಣ್ಣ ಅಭ್ಯಾಸದಿಂದ ವೈದ್ಯರಿಗೆ ಬಹಳ ಸಹಾಯವಾಗುತ್ತದೆ. ಆಸ್ಪತ್ರೆಯಲ್ಲಿ ನಡೆದುದನ್ನು ಮರೆಮಾಚದೆ ಹೇಳಬೇಕು.

ಕಾನೂನು ಏನು ಹೇಳುತ್ತದೆ?

ಇಷ್ಟೆಲ್ಲ ತಿಳಿದಿದ್ದರೂ ವೈದ್ಯರ ಬಳಿಗೆ ಹೋಗಲು ಅನೇಕರು ಅಂಜುವುದು ಕಾನೂನಿಗೆ. ಈ ಅಂಜಿಕೆಗೆ ಹಳೆಯ ಬೇರುಂಟು. 1860ರ ಭಾರತ ದಂಡಸಂಹಿತೆಯ ಪ್ರಕಾರ, ತಾಯಿಯ ಪ್ರಾಣ ಉಳಿಸುವುದಕ್ಕಲ್ಲದೆ ಗರ್ಭಪಾತ ಮಾಡಿಸುವುದು ಅಪರಾಧವಾಗಿತ್ತು. ಅಪರಾಧವಾದ್ದರಿಂದ ಅದು ನಿಲ್ಲಲಿಲ್ಲ, ಕತ್ತಲೆಗೆ ಸರಿಯಿತು. ಎಕ್ಕದ ಕಡ್ಡಿ, ಚಿತ್ರಮೂಲದ ಬೇರುಗಳನ್ನು ಬಳಸಿ ನಂಜೇರಿ ಸತ್ತವರ ವೃತ್ತಾಂತಗಳು ನ್ಯಾಯವೈದ್ಯಶಾಸ್ತ್ರದ ಭಾರತೀಯ ಗ್ರಂಥಗಳಲ್ಲಿ ಇವೆ. ಈ ಸ್ಥಿತಿಯನ್ನು ಪರಿಶೀಲಿಸಲು 1964ರಲ್ಲಿ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದರ ಸಲಹೆಗಳ ಫಲವಾಗಿ 1971ರಲ್ಲಿ ಗರ್ಭದ ವೈದ್ಯಕೀಯ ಸಮಾಪ್ತಿ ಕಾಯಿದೆ ರೂಪುಗೊಂಡು 1972ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆಸ್ಪತ್ರೆಗಳಲ್ಲಿ ಇದನ್ನು ಎಂ.ಟಿ.ಪಿ. ಕಾಯಿದೆ ಎನ್ನುತ್ತಾರೆ.

2021ರ ತಿದ್ದುಪಡಿಯೊಂದಿಗೆ ಈಗಿರುವ ಸ್ಥಿತಿ ಹೀಗಿದೆ. ಕಾಯಿದೆಯಲ್ಲಿ ಹೇಳಿದ ಕಾರಣಗಳಿಗಾಗಿ 20 ವಾರಗಳವರೆಗೆ ಅರ್ಹ ವೈದ್ಯರೊಬ್ಬರ ಅಭಿಪ್ರಾಯ ಸಾಕು. ಮಾತ್ರೆಗಳ ಕ್ರಮಕ್ಕೆ ಮೇಲೆ ಹೇಳಿದಂತೆ ಒಂಬತ್ತು ವಾರಗಳ ಮಿತಿ. ಗರ್ಭನಿರೋಧ ಕ್ರಮವು ವಿಫಲವಾಗಿ ಬಸಿರಾದರೆ ಅದೂ ಮಾನ್ಯವಾದ ಕಾರಣ. ಇದು ವಿವಾಹಿತರಿಗೆ ಮಾತ್ರವೆಂಬ ಹಿಂದಿನ ನಿರ್ಬಂಧ ಈಗಿಲ್ಲ. 18 ವರ್ಷ ತುಂಬಿದ ಸ್ತ್ರೀಗೆ ತನ್ನ ಒಪ್ಪಿಗೆಯೇ ಸಾಕು. ಪತಿಯ ಅಥವಾ ತಂದೆಯ ಸಹಿ ಬೇಕಾಗಿಲ್ಲ. ಅವಳ ಹೆಸರನ್ನು ಕಾನೂನು ಅನುಮತಿಸಿದವರಿಗಲ್ಲದೆ ಬೇರೆಯವರಿಗೆ ತಿಳಿಸುವ ವೈದ್ಯರು ಶಿಕ್ಷೆಗೆ ಗುರಿಯಾಗುತ್ತಾರೆ. 18 ವರ್ಷದೊಳಗಿನವಳಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಮತ್ತು ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯಿದೆಯಂತೆ ವೈದ್ಯರು ಪೊಲೀಸರಿಗೆ ವರದಿ ಮಾಡಬೇಕು. ಆದರೆ ಹುಡುಗಿ ಹಾಗೂ ಪೋಷಕರು ಕೋರಿದರೆ ಆ ವರದಿಯಲ್ಲಿ ಅವಳ ಹೆಸರನ್ನು ಹೇಳಬೇಕಾಗಿಲ್ಲವೆಂದು 2022ರ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ.

ಸರ್ಕಾರಿ ಆಸ್ಪತ್ರೆಗಳೆಲ್ಲ ಈ ಕಾಯಿದೆಯ ಪ್ರಕಾರ ಮಾನ್ಯ ಸ್ಥಳಗಳು. ಮೈಸೂರಿನಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆ ಸ್ತ್ರೀಯರು ಮತ್ತು ಮಕ್ಕಳಿಗಾಗಿಯೇ ಇರುವ ಸರ್ಕಾರಿ ಆಸ್ಪತ್ರೆ ಎಂಬುದನ್ನು ನಗರದ ವಾಚಕರು ಬಲ್ಲರು.

ಇದರೊಡನೆ ಬೆರೆಸಬಾರದ ಬೇರೊಂದು ವಿಷಯವಿದೆ. 2023ರ ನವೆಂಬರಿನಲ್ಲಿ ಮಂಡ್ಯ–ಮೈಸೂರು ಪ್ರದೇಶದಲ್ಲಿ ಭ್ರೂಣಲಿಂಗ ಪತ್ತೆಯ ಜಾಲವೊಂದು ಬಯಲಾಯಿತು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದುದು ತಿಳಿದು ಜನ ಬೆಚ್ಚಿದರು. ಹೆಣ್ಣೆಂದು ತಿಳಿದು ಗರ್ಭವನ್ನು ತೆಗೆಸುವುದು ಘೋರ ಅಪರಾಧ. ಲಿಂಗಪತ್ತೆಯನ್ನು ತಡೆಯಲು 1994ರ ಕಾಯಿದೆಯೇ ಪ್ರತ್ಯೇಕವಾಗಿದೆ. ಒಂಬತ್ತು ವಾರಗಳೊಳಗೆ ಸ್ಕ್ಯಾನಿಂಗಿನಲ್ಲಿ ಲಿಂಗವು ಗೊತ್ತಾಗುವುದೇ ಇಲ್ಲ. ಆ ಅಪರಾಧದ ಕಳಂಕವನ್ನು ಕಾನೂನಿನ ಮಿತಿಯಲ್ಲಿ ಚಿಕಿತ್ಸೆ ಪಡೆಯುವವಳ ಮೇಲೆ ಹೊರಿಸುವುದು ನ್ಯಾಯವಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಗರ್ಭಕೋಶದ ಚಿತ್ರವನ್ನು ಬರೆದು ಅಂಗಗಳಿಗೆ ಹೆಸರು ಗುರುತಿಸುವುದನ್ನು ಕಲಿಯುತ್ತಾರೆ. ಆ ಚಿತ್ರವು ಜೀವಂತ ದೇಹದಲ್ಲಿ ನೋವು, ರಕ್ತ, ಕಾಲ ಇವುಗಳ ಭಾಷೆಯಲ್ಲಿ ಮಾತನಾಡುವಾಗ ಅದನ್ನು ಓದಲು ತಿಳಿದಿರುವುದು ಇನ್ನೂ ಮುಖ್ಯ. ಈ ಪಾಠ ಹುಡುಗಿಯರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಇಂದಿನ ಹುಡುಗರು ನಾಳೆ ಪತಿಯರಾಗುತ್ತಾರೆ, ಅಣ್ಣತಮ್ಮಂದಿರಾಗಿ ಒಂದು ರಾತ್ರಿ ಬಾಗಿಲ ಹೊರಗೆ ನಿಂತಿರಬೇಕಾಗಬಹುದು. ಎರಡು ಗಂಟೆ, ಎರಡು ಪ್ಯಾಡು, ಒಂದು ದಿನದ ಜ್ವರ ಎಂಬ ಅಳತೆಗಳು ಅವರಿಗೂ ನೆನಪಿನಲ್ಲಿರಲಿ.